ಮೆಟಾಲಿಕಾದ 72 ಋತು, ನಮ್ಮೂರಿನ 36 ಹಂಗಾಮು

ಮೊದಲು ಒಂದು ಸಣ್ಣ ಲೆಕ್ಕ. ಅಮೆರಿಕದವರಿಗೆ ವರ್ಷಕ್ಕೆ ನಾಲ್ಕು ಋತು. ಹದಿನೆಂಟು ವರ್ಷಕ್ಕೆ 72. ನಮ್ಮ ಪಂಚಾಂಗದಲ್ಲಿ ವಸಂತದಿಂದ ಶಿಶಿರದವರೆಗೆ ಆರು. ಹಾಗಾಗಿ ಹದಿನೆಂಟು ವರ್ಷಕ್ಕೆ 108, ಜಪಮಾಲೆಯ ಮಣಿಗಳಷ್ಟು. ಇನ್ನು ಬೀದರ್ ಜಿಲ್ಲೆಯ ಡಾಬಕಾದಲ್ಲಿ ಮಳೆ ನಂಬಿ ಬಿತ್ತುವ ನಮ್ಮಪ್ಪನನ್ನು ಕೇಳಿದರೆ ವರ್ಷಕ್ಕೆ ಎರಡೇ ಹಂಗಾಮು: ಮುಂಗಾರಿ, ಹಿಂಗಾರಿ. ಅವರ ಲೆಕ್ಕದಲ್ಲಿ ಹದಿನೆಂಟು ವರ್ಷ ಅಂದ್ರೆ 36.

ಈ ಲೆಕ್ಕ ತಲೆಗೆ ಹೊಕ್ಕಿದ್ದು ಒಂದು ಆಲ್ಬಂನಿಂದ. ಮೆಟಾಲಿಕಾ ಬ್ಯಾಂಡಿನ ‘72 ಸೀಸನ್ಸ್’ 2023ರ ಏಪ್ರಿಲ್ 14ರಂದು ಬಂತು. ಹನ್ನೆರಡು ಹಾಡು, 77 ನಿಮಿಷ. ಹಳದಿ ಹಿನ್ನೆಲೆಯ ಮುಖಪುಟದ ಮೇಲೆ ಸುಟ್ಟು ಕರ್ರಗಾದ ಮಗುವಿನ ತೊಟ್ಟಿಲು. ಹಾಡುಗಾರ ಜೇಮ್ಸ್ ಹೆಟ್‌ಫೀಲ್ಡ್ ಹೇಳುವ ಮಾತು ಇಷ್ಟು: ನಾವು ಯಾರು ಅನ್ನೋದು ಬಹುಪಾಲು ಮೊದಲ ಹದಿನೆಂಟು ವರ್ಷಗಳಲ್ಲೇ ತಯಾರಾಗುತ್ತದೆ. ದೊಡ್ಡವರಾದ ಮೇಲೆ ನಾವು ಮಾಡುವುದರಲ್ಲಿ ಹೆಚ್ಚಿನದು ಆ ವರ್ಷಗಳಿಗೆ ಕೊಡುವ ಉತ್ತರ.

ಥ್ರ್ಯಾಶ್ ಮೆಟಲ್ ಕೇಳದವರಿಗೆ ಎರಡು ಮಾತು. 1980ರ ದಶಕದ ಆರಂಭದಲ್ಲಿ ಅಮೆರಿಕದ ಹುಡುಗರು ಬ್ರಿಟನ್ನಿನ ಹೆವಿ ಮೆಟಲ್ ಸಂಗೀತಕ್ಕೆ ಪಂಕ್‌ನ ಸಿಟ್ಟು, ವೇಗ ಎರಡನ್ನೂ ಬೆರೆಸಿದರು. ಗಿಟಾರಿನ ತಂತಿಯನ್ನು ಅಂಗೈಯಿಂದ ಅದುಮಿ ಹಿಡಿದು, ಮೇಲಿಂದ ಕೆಳಕ್ಕೆ ಒಂದೇ ಸಮ ಹೊಡೆಯೋದು, ಅದರ ಹಿಂದೆ ಓಡುವ ಡ್ರಮ್. ಮೆಟಾಲಿಕಾ, ಸ್ಲೇಯರ್, ಮೆಗಾಡೆತ್, ಆಂಥ್ರಾಕ್ಸ್ ಈ ನಾಲ್ಕನ್ನು ‘ಬಿಗ್ ಫೋರ್’ ಅಂತಾರೆ. ಬೆಂಗಳೂರಿಗೂ ಇವು ದೂರದ ಹೆಸರುಗಳಲ್ಲ. ಮೆಗಾಡೆತ್ 2008ರಲ್ಲಿ, ಸ್ಲೇಯರ್ 2012ರಲ್ಲಿ ಇಲ್ಲಿಗೆ ಬಂದಿದ್ದವು. ನಡುವೆ 2011ರ ಅಕ್ಟೋಬರ್ 30ರಂದು ಅರಮನೆ ಮೈದಾನದಲ್ಲಿ ಮೆಟಾಲಿಕಾ. ಎರಡು ದಿನ ಮೊದಲು ದೆಹಲಿ ಪಕ್ಕದ ಗುರ್‌ಗಾಂವ್‌ನಲ್ಲಿ ನಡೆಯಬೇಕಿದ್ದ ಕಾರ್ಯಕ್ರಮ ರದ್ದಾಗಿತ್ತು. ಹಾಗಾಗಿ ಅವರು ಭಾರತದಲ್ಲಿ ಮೊಟ್ಟಮೊದಲು ನುಡಿಸಿದ್ದು ನಮ್ಮ ಬೆಂಗಳೂರಿನಲ್ಲೇ.

ಆ ಜನಜಂಗುಳಿಯಲ್ಲಿ ನಾನೂ ಇದ್ದೆ. ವಯಸ್ಸು 22, ಕೆಲಸಕ್ಕೆ ಸೇರಿ ನಾಲ್ಕು ತಿಂಗಳು. ಹತ್ತನೇ ಇಯತ್ತೆವರೆಗೆ ಊರಲ್ಲೇ, ಪಿಯುಸಿ ಬೀದರಿನಲ್ಲಿ, ಆಮೇಲೆ ಇಂಜಿನಿಯರಿಂಗ್ ಬೆಂಗಳೂರಿನಲ್ಲಿ. ಹಾಸ್ಟೆಲ್ ರೂಮಿನವನ ಕಂಪ್ಯೂಟರಿನಲ್ಲಿ ಈ ಸಂಗೀತ ಕೇಳಿದ್ದು. ಸಾಹಿತ್ಯ ಅರ್ಧ ಅರ್ಥವಾಗುತ್ತಿರಲಿಲ್ಲ. ಆದರೆ ಸಿಟ್ಟು ಅರ್ಥವಾಗುತ್ತಿತ್ತು. ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ಗೆಳೆಯರ ಜೊತೆ ದಖನಿ ಮಾತಾಡಿ ಬೆಳೆದವನು ಕ್ಲಾಸಿನಲ್ಲಿ ಇಂಗ್ಲಿಷಿನ ಒಂದು ವಾಕ್ಯ ಜೋಡಿಸಲಾರದೆ ಕೂತಿದ್ದಾಗ, ನನ್ನ ಪರವಾಗಿ ಯಾರೋ ಕೂಗಿದಂಗೆ ಇತ್ತು ಅದು.

ಈಗ ಆಲ್ಬಂಗೆ ಬರೋಣ. ಹಳೇ ಬ್ಯಾಂಡ್ ಹೊಸ ಆಲ್ಬಂ ತಂದಾಗಲೆಲ್ಲ ಕೇಳಿಬರುವ ಮಾತು ಒಂದೇ, ‘ಮೊದಲಿನಂಗಿಲ್ಲ’. ನಾನು ಈ ಅಳತೆಗೋಲನ್ನು ಒಪ್ಪುವುದಿಲ್ಲ. ಮೊದಲಿನಂಗೆ ಬೇಕು ಅಂದ್ರೆ ಮೊದಲಿನ ಆಲ್ಬಂ ಫೋನಿನಲ್ಲೇ ಇದೆ, ಹಾಕಿ ಕೇಳಬಹುದು. ಅರವತ್ತರ ಹತ್ತಿರ ಬಂದವರ ಆಲ್ಬಂಗೆ ನಾನು ಕೇಳುವ ಪ್ರಶ್ನೆ ಬೇರೆ: ಇಪ್ಪತ್ತರಲ್ಲಿ ಹೇಳಲು ಆಗದೇ ಇದ್ದದ್ದನ್ನು ಈಗ ಹೇಳಿದ್ದಾರಾ?

ಮೆಟಾಲಿಕಾದ ಮೊದಲ ಆಲ್ಬಂ ‘ಕಿಲ್ ಎಮ್ ಆಲ್’ 1983ರ ಜುಲೈನಲ್ಲಿ ಬಂತು. ಹೆಟ್‌ಫೀಲ್ಡ್ ಹುಟ್ಟಿದ್ದು 1963ರ ಆಗಸ್ಟ್ 3ರಂದು. ಅಂದ್ರೆ ಆಗ ಅವನಿಗೆ ಇಪ್ಪತ್ತೂ ತುಂಬಿರಲಿಲ್ಲ. ಅವನ 72 ಋತು ಮುಗಿದು ಎರಡು ವರ್ಷವೂ ಆಗಿರಲಿಲ್ಲ. ಆ 72 ಋತುಗಳಲ್ಲಿ ಏನಿತ್ತು? ಅಪ್ಪ ಮನೆ ಬಿಟ್ಟು ಹೋದಾಗ ಹುಡುಗನಿಗೆ 13 ವರ್ಷ. ಮನೆಯವರ ಮತ ಕ್ರಿಶ್ಚಿಯನ್ ಸೈನ್ಸ್, ಅದರಲ್ಲಿ ಔಷಧಕ್ಕೆ ಜಾಗವಿರಲಿಲ್ಲ. ಅಮ್ಮ ಕ್ಯಾನ್ಸರಿನಿಂದ ತೀರಿಕೊಂಡಾಗ ಅವನಿಗೆ 16. ಮೊದಲ ಆಲ್ಬಂನಲ್ಲಿ ಈ ಕತೆಯೇ ಇಲ್ಲ. ಇರೋದು ಬರೀ ವೇಗ. ನಲವತ್ತು ವರ್ಷ ಕಳೆದು, 2019ರಲ್ಲಿ ಪ್ರವಾಸ ನಿಲ್ಲಿಸಿ ಕುಡಿತದ ಚಿಕಿತ್ಸೆಗೆ ಮತ್ತೆ ಹೋಗಿ ಬಂದು, 59ನೇ ವಯಸ್ಸಿನಲ್ಲಿ ಅವನು ಆ ವೇಗದ ಹಿಂದೆ ಏನಿತ್ತು ಅಂತ ಹೇಳಲು ಕೂತಿದ್ದಾನೆ. ಈ ಕೆಲಸ ಇಪ್ಪತ್ತರಲ್ಲಿ ಆಗುವಂಥದ್ದಲ್ಲ. ನನ್ನ ಮಟ್ಟಿಗೆ ‘72 ಸೀಸನ್ಸ್’ ಬೆಲೆ ಇರುವುದು ಇಲ್ಲೇ.

ಹಾಗಂತ ಎಲ್ಲ ಹಾಡೂ ಚಿನ್ನ ಅಲ್ಲ. 77 ನಿಮಿಷ ಜಾಸ್ತಿ ಆಯ್ತು. ನಡುವಿನ ‘ಸ್ಲೀಪ್‌ವಾಕ್ ಮೈ ಲೈಫ್ ಅವೇ’, ‘ಕ್ರೌನ್ ಆಫ್ ಬಾರ್ಬ್ಡ್ ವೈರ್’ ಒಂದೇ ನಡಿಗೆಯಲ್ಲಿ ಸಾಗುತ್ತವೆ. ರಿಫ್ ಚೆನ್ನಾಗಿದೆ, ಆದರೆ ಚೆನ್ನಾಗಿರುವುದನ್ನು ಎಂಟು ಸಲ ಕೇಳಿಸಿದರೆ ಕಿವಿ ಬೇರೆ ಕಡೆ ಹೋಗುತ್ತದೆ. ಗಿಟಾರಿಸ್ಟ್ ಕರ್ಕ್ ಹ್ಯಾಮೆಟ್ 2014ರಲ್ಲಿ ಸುಮಾರು 250 ರಿಫ್ ತುಂಬಿದ್ದ ಫೋನ್ ಕಳೆದುಕೊಂಡಿದ್ದ. ಬ್ಯಾಕಪ್ ಇರಲಿಲ್ಲ. (ಓದುತ್ತಿರುವವರು ಈಗಲೇ ಒಮ್ಮೆ ನಿಮ್ಮ ಬ್ಯಾಕಪ್ ನೋಡಿಕೊಳ್ಳಿ.) ಹಾಗಾಗಿ 2016ರ ‘ಹಾರ್ಡ್‌ವೈರ್ಡ್’ ಆಲ್ಬಂನ ರಚನೆಯಲ್ಲಿ ಅವನ ಪಾಲೇ ಇರಲಿಲ್ಲ. ಈ ಸಲ ಹಲವು ಹಾಡುಗಳಲ್ಲಿ ಅವನ ಹೆಸರಿದೆ. ಆದರೆ ಸೋಲೋಗಳು ಮಾತ್ರ ಅವಸರದಲ್ಲಿ ಮುಗಿಸಿದಂತೆ ಕೇಳಿಸುತ್ತವೆ. 1986ರ ‘ಮಾಸ್ಟರ್ ಆಫ್ ಪಪೆಟ್ಸ್’ನಲ್ಲಿ ಸೋಲೋಗಳನ್ನೂ ಬಾಯಲ್ಲಿ ಗುನುಗಬಹುದಿತ್ತು. ಇಲ್ಲಿ ಹಾಗೆ ನೆನಪಲ್ಲಿ ಉಳಿಯುವುದು ಒಂದೋ ಎರಡೋ.

ಗೆದ್ದಿರುವುದು ಎಲ್ಲಿ? ಶೀರ್ಷಿಕೆ ಹಾಡಿನಲ್ಲಿ, ‘ಶಾಡೋಸ್ ಫಾಲೋ’ದಲ್ಲಿ, ‘ರೂಮ್ ಆಫ್ ಮಿರರ್ಸ್’ನಲ್ಲಿ. ‘ಲಕ್ಸ್ ಎಟರ್ನಾ’ ಮೂರೂವರೆ ನಿಮಿಷಕ್ಕಿಂತ ಕಡಿಮೆ, 1983ರ ಹುಡುಗರಿಗೆ ದೂರದಿಂದ ಕೈ ಬೀಸಿದಂತಿದೆ. ಹೆಟ್‌ಫೀಲ್ಡ್ ದನಿ ಗಟ್ಟಿ, ಆದರೆ ಕಿರುಚಾಟ ಇಲ್ಲ. ಇಡೀ ಆಲ್ಬಂನಲ್ಲಿ ಒಂದೂ ಮೆಲುಹಾಡಿಲ್ಲ. ದುಃಖದ ಮಾತಿಗೆ ದುಃಖದ ರಾಗ ಹಾಕದೆ ಹೊಡೆತದ ಮೇಲೇ ಹೇಳಿದ್ದಾನೆ. ಶೀರ್ಷಿಕೆ ಹಾಡಿಗೆ 2024ರಲ್ಲಿ ಗ್ರ್ಯಾಮಿಯೂ ಬಂತು.

ಆ ಬೇಸಿಗೆಯಲ್ಲಿ ಅಪ್ಪ ಕಣ್ಣಿನ ಪೊರೆ ಆಪರೇಷನ್‌ಗೆ ಬೆಂಗಳೂರಿಗೆ ಬಂದಿದ್ದರು. ಶಾಲೆಯ ದಾಖಲೆಯಲ್ಲಿ ಅವರ ಜನ್ಮದಿನ 1-6-1963. ನಮ್ಮ ಕಡೆ ಅರ್ಧ ಊರು ಜೂನ್ ಒಂದಕ್ಕೇ ಹುಟ್ಟಿದ್ದು, ಮಾಸ್ತರರ ಕೃಪೆ. ಹೇಗಿದ್ದರೂ ಅವರು, ಹೆಟ್‌ಫೀಲ್ಡ್ ಒಂದೇ ವಾರಿಗೆಯವರು. ಆಪರೇಷನ್ ಆದ ಮೇಲೆ ತಪಾಸಣೆಗೆ ಹೋಗಿ ಬರುವಾಗ ಹೆಬ್ಬಾಳದ ಹತ್ತಿರ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡೆವು. ಕಾರಿನಲ್ಲಿ ಇದೇ ಆಲ್ಬಂ ಓಡುತ್ತಿತ್ತು. ಕಪ್ಪು ಕನ್ನಡಕ ಹಾಕಿಕೊಂಡು ಸುಮ್ಮನೆ ಕೂತಿದ್ದ ಅಪ್ಪ ಬಂದ್ ಮಾಡು ಅನ್ನಲಿಲ್ಲ. ಸ್ವಲ್ಪ ಹೊತ್ತಿಗೆ ಕೇಳಿದರು:

“ತಮ್ಮಾ, ಇಂವಾ ಯಾರ ಮ್ಯಾಲ ಸಿಟ್ಟಿಗಿ ಬಂದಾನ?”

“ಸಣ್ಣಾವ ಇದ್ದಾಗ ಆಗಿದ್ದೆಲ್ಲಾ ಹೇಳ್ಲತ್ತಾನಪ್ಪಾ.”

“ಹಲಗಿ ಬಡ್ಯಾಂವ ಭಾರಿ ಅದಾನ. ಖರೆ ಪದಾ ಭಾಳ ಉದ್ದ ಆತು. ಭಜನ್ಯಾಗ ಹಿಂಗ ಎಳದ್ರ ಮಂದಿ ಎದ್ದು ಹೋತಾರ.”

ಬೇರೆ ವಿಮರ್ಶೆ ಬೇಕಿರಲಿಲ್ಲ. ಅಪ್ಪ ಊರಿನ ಭಜನಾ ಮಂಡಳಿಯಲ್ಲಿ ಮೂವತ್ತು ವರ್ಷದಿಂದ ಹಾಡುವವರು. ಯಾವ ಪದ ಎಲ್ಲಿ ನಿಲ್ಲಿಸಬೇಕು ಅನ್ನೋದು ಗೊತ್ತು. ಆಮೇಲೆ ಹೆಸರು ಕೇಳಿದರು. “ಬಹತ್ತರ್ ಸೀಸನ್” ಅಂದೆ.

ಅಪ್ಪ ನನ್ನ ಕಡೆ ತಿರುಗಿದರು. “ಬಹತ್ತರ್ ಅಂದ್ರ ಬರಾ ಅಲ್ಲೇನು?”

ನಮ್ಮ ಕಡೆ 72 ಅಂದ್ರೆ 1972ರ ಬರಗಾಲ. ಮರಾಠವಾಡದ ಜೊತೆಗೇ ಉತ್ತರ ಕರ್ನಾಟಕವನ್ನೂ ಒಣಗಿಸಿದ ಬರ. ಅಪ್ಪನಿಗೆ ಆಗ ಒಂಬತ್ತು ವರ್ಷ. ಫ್ಲೈಓವರ್ ಇಳಿಯುವವರೆಗೆ, ಆಮೇಲೆ ಮನೆ ಮುಟ್ಟುವವರೆಗೆ ಅವರು ಮಾತಾಡಿದರು. ಪರಿಹಾರ ಕಾಮಗಾರಿಯಲ್ಲಿ ಆಯಿಯ ಜೊತೆ ಕೂತು ಖಡಿ ಒಡೆದದ್ದು, ಹೊರಗಿನಿಂದ ಬಂದ ಕೆಂಪು ಜೋಳದ ರೊಟ್ಟಿ ಗಂಟಲಲ್ಲಿ ಇಳಿಯದೇ ಇದ್ದದ್ದು, ಎತ್ತು ಮಾರಿದ ದಿನ ಮುತ್ಯಾ ಮಾತಾಡದೆ ಮಲಗಿದ್ದು. ಮೂವತ್ತನಾಲ್ಕು ವರ್ಷದ ಮಗ ನಾನು, ಅಲ್ಲಿಯವರೆಗೆ ಇದರಲ್ಲಿ ಒಂದು ಮಾತೂ ಕೇಳಿರಲಿಲ್ಲ.

ನಂಗೆ ನನ್ನ 36 ಹಂಗಾಮು ನೆನಪಾಯ್ತು. 1993ರ ಸೆಪ್ಟೆಂಬರ್ 30ರ ಕಿಲ್ಲಾರಿ ಭೂಕಂಪ ಆದ ಮೇಲೆ ಊರಿಗೆ ಊರೇ ಅಂಗಳದಲ್ಲಿ ಮಲಗಿದ ರಾತ್ರಿಗಳು. ಮಿರಗದ ಮಳೆ ಬಾರದ ವರ್ಷಗಳಲ್ಲಿ ಮನೆಯೊಳಗಿನ ಮೌನ. ಎಳ್ಳಮಾಸಿಯ ದಿನ ಹೊಲದಲ್ಲಿ ಭಜ್ಜಿ, ಅಂಬಲಿ ಉಂಡು ಅಪ್ಪ ಏರುದನಿಯಲ್ಲಿ ಹಾಡಿದ ಮಧ್ಯಾಹ್ನಗಳು. ಮತ್ತೆ ತಾಟಿನಲ್ಲಿ ಅರ್ಧ ರೊಟ್ಟಿ ಬಿಟ್ಟಿದ್ದಕ್ಕೆ ಬಿದ್ದ ಏಟುಗಳು. ಆ ಏಟು ಯಾಕೆ ಅಷ್ಟು ಜೋರಾಗಿರುತ್ತಿತ್ತು ಅಂತ ಗೊತ್ತಾಗಿದ್ದು ಹೆಬ್ಬಾಳದ ಟ್ರಾಫಿಕ್ಕಿನಲ್ಲಿ. ಹೊಡೆದದ್ದು 1972.

ಇಲ್ಲಿಂದಲೇ ಆಲ್ಬಂ ಬಗ್ಗೆ ನನ್ನ ದೊಡ್ಡ ತಕರಾರು ಶುರುವಾಗುತ್ತದೆ. ಹೆಟ್‌ಫೀಲ್ಡ್ ಹಾಡುವುದು ಗಾಯಗೊಂಡ ಮಗುವಾಗಿ. ಅದು ಪ್ರಾಮಾಣಿಕ. ಆದರೆ ಅವನು ಮೂರು ಮಕ್ಕಳ ತಂದೆ ಕೂಡ. ನನ್ನ ಮೊದಲ ಹದಿನೆಂಟು ವರ್ಷಗಳಲ್ಲಿ ನಮ್ಮಪ್ಪನ ಹದಿನೆಂಟು ವರ್ಷವೂ ಬೆರೆತಿದೆ, ಅವರದರಲ್ಲಿ ಮುತ್ಯಾನದು. ಹಾಗೇ ನನ್ನದು ಮುಂದಿನವರಿಗೆ ಹೋಗುತ್ತದೆ. ಮಗನಾಗಿ ಹಿಂದಕ್ಕೆ ನೋಡುವ ನೋಟ ಈ ಆಲ್ಬಂನಲ್ಲಿ ಬೇಕಾದಷ್ಟಿದೆ, ತಂದೆಯಾಗಿ ಮುಂದಕ್ಕೆ ನೋಡುವ ನೋಟ ನನಗೆ ಎಲ್ಲೂ ಸಿಗಲಿಲ್ಲ. ಹನ್ನೆರಡರಲ್ಲಿ ಒಂದು ಹಾಡು ಅದಕ್ಕೆ ಮೀಸಲಾಗಿದ್ದರೆ ಆಲ್ಬಂ ಇನ್ನೂ ದೊಡ್ಡದಾಗುತ್ತಿತ್ತು.

ಆಲ್ಬಂ ಬಂದಾಗ ನನ್ನ ಮಗಳಿಗೆ ನಾಲ್ಕು ವರ್ಷ. ಅಂದ್ರೆ 72ರಲ್ಲಿ 16 ಋತು ಆಗಲೇ ಮುಗಿದಿದ್ದವು. ಅದರಲ್ಲಿ ಎಷ್ಟು ಸಂಜೆ ನಾನು ಮನೆಯಲ್ಲಿದ್ದೆ, ಇದ್ದಾಗ ಕಾಲ್‌ನಲ್ಲಿ ಎಷ್ಟು ಹೊತ್ತು ಇದ್ದೆ ಅನ್ನುವ ಲೆಕ್ಕ ನಿಮ್ಮಲ್ಲಿ ಬಹಳ ಜನರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಈಗ ರಾತ್ರಿ ಊಟದ ಹೊತ್ತಿಗೆ ನನ್ನ ಫೋನ್ ಫ್ರಿಜ್ ಮೇಲೆ ಇರುತ್ತದೆ. ಅವಳು ತಾಟಿನಲ್ಲಿ ಅನ್ನ ಬಿಟ್ಟರೆ ಹೊಡೆತ ಇಲ್ಲ. ಮುತ್ಯಾ ತಿಂದ ಕೆಂಪು ಜೋಳದ ರೊಟ್ಟಿಯ ಕತೆ ಇದೆ. ಕತೆ ಕೇಳುತ್ತಾ ಅರ್ಧ ಸಲ ಉಣ್ಣುತ್ತಾಳೆ, ಅರ್ಧ ಸಲ ಉಣ್ಣಲ್ಲ.

ಇನ್ನೊಂದು ಹಾಡಿನ ಬಗ್ಗೆ ಹೇಳಲೇಬೇಕು: ‘ಸ್ಕ್ರೀಮಿಂಗ್ ಸೂಸೈಡ್’. ಹೆಸರು ಕೇಳಿಯೇ ಎಷ್ಟೋ ಜನ ಮುಂದಿನ ಹಾಡಿಗೆ ಹೋಗಬಹುದು. ಆದರೆ ಅದು ಸಾವನ್ನು ಹೊಗಳುವ ಹಾಡಲ್ಲ. ಮನಸ್ಸಿನೊಳಗೆ ಬರುವ ಆ ಯೋಚನೆಯನ್ನು ಹೆಸರಿಟ್ಟು ಕರೆದು ಬೆಳಕಿಗೆ ತರುವ ಹಾಡು. ನಮ್ಮ ಜಿಲ್ಲೆಯಲ್ಲಿ ಸಾಲದ ರೈತರ ಮನೆಗಳನ್ನೂ ನೋಡಿದ್ದೇನೆ, ಬೆಂಗಳೂರಿನಲ್ಲಿ ಲ್ಯಾಪ್‌ಟಾಪ್ ಮುಂದೆ ನಗುತ್ತಾ ಕೂತು ಒಳಗೆ ಕುಸಿದವರನ್ನೂ ನೋಡಿದ್ದೇನೆ. ಎರಡೂ ಕಡೆ ಮೊದಲು ನಿಲ್ಲುವುದು ಮಾತು. ಯಾರಿಗಾದರೂ ಹಾಗನಿಸುತ್ತಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ.

ಕೊನೆಯ ಹಾಡು ‘ಇನಮೊರಾಟಾ’ 11 ನಿಮಿಷ 10 ಸೆಕೆಂಡ್. ಮೆಟಾಲಿಕಾದ ಸ್ವಂತ ಆಲ್ಬಂಗಳಲ್ಲೇ ಇದಕ್ಕಿಂತ ಉದ್ದದ ಹಾಡಿಲ್ಲ. ಇಟಾಲಿಯನ್‌ನಲ್ಲಿ ಆ ಪದಕ್ಕೆ ಪ್ರೇಯಸಿ ಅಂತ ಅರ್ಥ. ಇಲ್ಲಿ ಪ್ರೇಯಸಿ ಬೇರಾರೂ ಅಲ್ಲ, ದುಃಖ. ಅದನ್ನು ಅಪ್ಪಿಕೊಂಡೇ ಬದುಕಿ ರೂಢಿಯಾದವನು ನಿಧಾನಕ್ಕೆ ಅದರಿಂದ ಬಿಡಿಸಿಕೊಳ್ಳುವ ಹಾಡು. ನಡುವೆ ಎಲ್ಲ ವಾದ್ಯ ತಗ್ಗಿ ರಾಬರ್ಟ್ ಟ್ರುಹಿಯೋನ ಬೇಸ್ ಗಿಟಾರ್ ಮುಂದೆ ಬರುತ್ತದೆ, ಆಮೇಲೆ ಗಿಟಾರ್‌ಗಳು ಮೆಲ್ಲಗೆ ಸೇರಿಕೊಳ್ಳುತ್ತವೆ. ಅಪ್ಪನ ‘ಭಾಳ ಉದ್ದ ಆತು’ ಮಾತು ಬೇರೆ ಹಾಡುಗಳಿಗೆ ಸರಿ, ಇದಕ್ಕಲ್ಲ. ರೂಢಿ ಬಿಡಿಸಿಕೊಳ್ಳಲು ಹೊತ್ತು ಬೇಕು, ಹಾಡು ಆ ಹೊತ್ತು ತಗೊಂಡಿದೆ.

ವಯಸ್ಸಿನ ಮಾತೂ ಬರಲಿ. ಮೆಟಾಲಿಕಾ ವೇದಿಕೆ ಮೇಲೆ ಹಳೇ ಹಾಡುಗಳನ್ನು ಮೂಲಕ್ಕಿಂತ ಅರ್ಧ ಸ್ವರ ಕೆಳಗೆ ಶ್ರುತಿ ಮಾಡಿಕೊಂಡು ನುಡಿಸುತ್ತದೆ, ವರ್ಷಗಳಿಂದ. ಹಾಡುಗಾರನ ಗಂಟಲು ಉಳಿಯಬೇಕಲ್ಲ. ನಮ್ಮಪ್ಪನೂ ಅಷ್ಟೇ, ಹಾರ್ಮೋನಿಯಂನ ಕಪ್ಪು ಎರಡರಲ್ಲಿ ಹಾಡುತ್ತಿದ್ದವರು ಈಗ ಬಿಳಿ ಒಂದಕ್ಕೆ ಇಳಿದಿದ್ದಾರೆ. ಭಜನೆಗೆ ಹೊಸದಾಗಿ ಬರುವ ಹುಡುಗರಿಗೆ ಅದು ಸಪ್ಪೆ ಅನಿಸಬಹುದು. ಆದರೆ ಮೊದಲು ಅವರು ರಾಗ ತೋರಿಸುತ್ತಿದ್ದರು, ಈಗ ಪದದ ಅರ್ಥ ಕೇಳಿಸುತ್ತದೆ. ‘72 ಸೀಸನ್ಸ್’ನಲ್ಲೂ ನನಗೆ ಕೇಳಿಸಿದ್ದು ಇದೇ.

ನಮ್ಮಲ್ಲೂ ಹೀಗೆ ಹಣ್ಣಾಗುತ್ತಿರುವ ಬ್ಯಾಂಡ್ ಇದೆ. 1998ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಕ್ರಿಪ್ಟೋಸ್, 2004ರ ‘ಸ್ಪೈರಲ್ ಅಸೆಂಟ್’ನಿಂದ 2024ರ ‘ಡೆಸಿಮೇಟರ್’ವರೆಗೆ ಬಿಡದೆ ಆಲ್ಬಂ ತರುತ್ತಿದೆ, ಜರ್ಮನಿಯ ವಾಕನ್ ಉತ್ಸವದಲ್ಲೂ ನುಡಿಸಿ ಬಂದಿದೆ. ಅವರದು ಅಪ್ಪಟ ಥ್ರ್ಯಾಶ್ ಅಲ್ಲ, ವರ್ಷ ಕಳೆದಂತೆ ಎಂಬತ್ತರ ದಶಕದ ಹೆವಿ ಮೆಟಲ್ ಕಡೆಗೆ ವಾಲಿದೆ. ಆದರೆ ಸಿನಿಮಾ ಹಾಡಿನ ನಾಡಿನಲ್ಲಿ ಇಪ್ಪತ್ತೈದು ವರ್ಷ ಇದನ್ನೇ ಹಿಡಿದು ನಿಂತವರು. ಮೆಟಾಲಿಕಾ ಬಗ್ಗೆ ಗಂಟೆಗಟ್ಟಲೆ ಚರ್ಚೆ ಮಾಡುವ ನಾವು ಇವರನ್ನೂ ಕೇಳಬೇಕು.

ಕೊನೆಗೆ ಅಂಕ. ಹತ್ತಕ್ಕೆ ಏಳು. ಎರಡು ಅಂಕ ಉದ್ದಕ್ಕೆ ಹೋಯ್ತು, ಒಂದು ಆ ಇಲ್ಲದ ತಂದೆಯ ಹಾಡಿಗೆ. ಹೊಸಬರು 77 ನಿಮಿಷ ಒಂದೇ ಸಲ ಕೇಳಬೇಡಿ. ‘ಲಕ್ಸ್ ಎಟರ್ನಾ’ದಿಂದ ಶುರು ಮಾಡಿ, ಆಮೇಲೆ ಶೀರ್ಷಿಕೆ ಹಾಡು, ‘ಶಾಡೋಸ್ ಫಾಲೋ’, ‘ರೂಮ್ ಆಫ್ ಮಿರರ್ಸ್’. ‘ಇನಮೊರಾಟಾ’ವನ್ನು ರಜೆಯ ದಿನಕ್ಕೆ ಇಟ್ಟುಕೊಳ್ಳಿ.

ಮತ್ತೆ ಒಂದು ಕೆಲಸ. ಮುಂದಿನ ಸಲ ಊರಿಗೆ ಫೋನ್ ಮಾಡಿದಾಗ ಊಟ ಆಯ್ತಾ, ಮಳೆ ಆಯ್ತಾ ಅಂತ ಕೇಳಿ ಮುಗಿಸಬೇಡಿ. ಅಪ್ಪನನ್ನೋ ಅವ್ವನನ್ನೋ ಅವರ ಹದಿನೆಂಟು ವರ್ಷದೊಳಗಿನ ಯಾವುದಾದರೂ ಒಂದು ವರ್ಷದ ಬಗ್ಗೆ ಕೇಳಿ. ಹಾಡು ಹಾಕಬೇಕು ಅಂತೇನಿಲ್ಲ. ನಿಮ್ಮ ಮನೆಯಲ್ಲೂ ಒಂದು 72 ಇರಬಹುದು.